ರೇಣುಕಾಳ ಅರವತ್ತೆಂಟು

ರೇಣುಕಾ, ನಿನ್ನ ಕೈ ಕೆಟ್ಟದ್ದಾಗಿರಲಿಲ್ಲ. ನನ್ನ ಲೆಕ್ಕ ತಪ್ಪಾಗಿತ್ತು. ತಪ್ಪು ಎಂದು ಗೊತ್ತಾದ ಮೇಲೂ ನಾನು ಅದನ್ನು ಮುಚ್ಚಿಟ್ಟೆ — ಮುಚ್ಚಿಡುವುದಕ್ಕಾಗಿ ನಿನ್ನದೇ ಬಾಟಲಿಯಿಂದ ನಿನ್ನದೇ ಹರಳು ಕದ್ದೆ. ಇಷ್ಟು ಬರೆಯಲು ನನಗೆ ಹದಿನಾಲ್ಕು ವರ್ಷ ಹಿಡಿಯಿತು. ಉಳಿದದ್ದನ್ನು ಈಗ ಹೇಳುತ್ತೇನೆ. ಓದುತ್ತಾ ಸಾಕೆನಿಸಿದರೆ ನೀನು ಎಲ್ಲಿ ಬೇಕಾದರೂ ನಿಲ್ಲಿಸಬಹುದು.

ಇದನ್ನು ನಿನ್ನ ಹೊರತಾಗಿ ಬೇರೆಯವರೂ ಓದಬೇಕೆಂದು ನನ್ನ ಆಸೆ. ನಿನಗೆ ಗೊತ್ತಿರುವ ಸಂಗತಿಗಳನ್ನೂ ಆ ಕಾರಣಕ್ಕೆ ಬರೆಯಬೇಕಾಗಿದೆ. ಬೇಸರಿಸಬೇಡ. ಪಾಠ ಹೇಳುವುದು ನನ್ನ ಹಳೆಯ ಚಟ, ನಿನಗೆ ಗೊತ್ತೇ ಇದೆ.

ಆಗ ನಾನು ಮಣಿಪಾಲದ ಆ ಕೆಮಿಸ್ಟ್ರಿ ಲ್ಯಾಬಿನಲ್ಲಿ ಪಿಎಚ್.ಡಿ.ಯ ಕೊನೆಯ ವರ್ಷದಲ್ಲಿದ್ದೆ. ದಿನವೂ ಕಾರ್ಕಳದಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ನೀನು ಎಂ.ಎಸ್ಸಿ. ಮುಗಿಸಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿ ಸೇರಿದ್ದೆ. ನಿನ್ನ ಅಪ್ಪ ಗದಗದ ಕಡೆಯಿಂದ ಗಾರೆ ಕೆಲಸಕ್ಕೆಂದು ಬಂದು ಮಣಿಪಾಲದಲ್ಲೇ ನೆಲೆ ನಿಂತವರು. ನೀನು ಹುಟ್ಟಿ ಬೆಳೆದದ್ದು ಇಲ್ಲೇ ಆದ್ದರಿಂದ ನಮ್ಮ ಹಾಗೆಯೇ ‘ಎಂತ’, ‘ಉಂಟು’ ಎಂದು ಮಾತಾಡುತ್ತಿದ್ದೆ. ಮನಸ್ಸಿಗೆ ಏನಾದರೂ ತಾಗಿದಾಗ ಮಾತ್ರ ನಿಮ್ಮ ಮನೆಯ ಮಾತು ಹೊರಗೆ ಬರುತ್ತಿತ್ತು. ಸೇರಿದ ಮೊದಲ ವಾರವೇ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಂದು ನನ್ನ ಡಬ್ಬಿಯ ಪಕ್ಕ ಇಟ್ಟೆ. ನಾನು ಸಿಡುಕಿ ಎಂದು ಎಲ್ಲರೂ ಎಚ್ಚರಿಸಿದ್ದರಂತೆ — ನಿನಗೆ ಅದು ನಾಟಲೇ ಇಲ್ಲ. ನಾಲ್ಕನೆಯ ದಿನಕ್ಕೆ ‘ಮೇಡಂ’ ಹೋಗಿ ‘ಅಕ್ಕಾ’ ಆಯಿತು. ನನಗೆ ತಂಗಿಯಿಲ್ಲ. ಅದನ್ನು ನಾನು ಎಂದೂ ನಿನಗೆ ಹೇಳಲಿಲ್ಲ.

ನಮ್ಮ ಗೈಡ್ ಸರ್ ನಿನಗೆ ಒಂದೇ ಮಾತು ಹೇಳಿದ್ದರು. ಒಂದು ಪದಾರ್ಥ ತಯಾರಿಸಲು ನಾನು ಕಂಡುಕೊಂಡಿದ್ದ ವಿಧಾನದ ಮೊದಲ ಹಂತವನ್ನು, ನನಗೆ ಬಂದಷ್ಟೇ ಇಳುವರಿಯಲ್ಲಿ ಮಾಡಿ ತೋರಿಸಬೇಕು. ತೋರಿಸಿದರೆ ನಿನ್ನನ್ನು ಪಿಎಚ್.ಡಿ.ಗೆ ಸೇರಿಸಿಕೊಳ್ಳುತ್ತಾರೆ. ನನ್ನ ಇಳುವರಿ ಶೇಕಡಾ ಎಂಬತ್ತೈದು. ಅದು ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾಗಿತ್ತು. ನಿನ್ನ ಅಪ್ಪ ನೆರೆಮನೆಯವರಿಗೆಲ್ಲ ‘ನಮ್ಮ ಹುಡುಗಿ ಡಾಕ್ಟರ್ ಆಗ್ತಾಳ, ಔಷಧಿ ಕೊಡೋ ಡಾಕ್ಟರ್ ಅಲ್ಲ, ಓದಿನ ಡಾಕ್ಟರ್’ ಎಂದು ಆಗಲೇ ಹೇಳಿಬಿಟ್ಟಿದ್ದಾರೆಂದು ನೀನು ನಗುತ್ತಾ ಹೇಳಿದ್ದೆ.

ಶೇಕಡಾ ಇಳುವರಿ ಎಂದರೆ ದೊಡ್ಡ ವಿಷಯವೇನಲ್ಲ. ಎರಡು ಪದಾರ್ಥ ಇಂತಿಷ್ಟು ಹಾಕಿದರೆ, ಏನೂ ಚೆಲ್ಲದೆ, ಏನೂ ಅಂಟಿಕೊಳ್ಳದೆ, ಎಲ್ಲವೂ ಎಣಿಸಿದಂತೆ ಕೂಡಿಕೊಂಡರೆ, ಇಂತಿಷ್ಟು ಹೊಸ ಪದಾರ್ಥ ಸಿಗಬೇಕು. ಇದು ಲೆಕ್ಕದ ತೂಕ. ನಿಜವಾಗಿ ಕೈಗೆ ಸಿಗುವುದು ಯಾವಾಗಲೂ ಅದಕ್ಕಿಂತ ಕಡಿಮೆ — ಸ್ವಲ್ಪ ಫ್ಲಾಸ್ಕಿನ ಗೋಡೆಯಲ್ಲಿ ಉಳಿಯುತ್ತದೆ, ಸ್ವಲ್ಪ ತೊಳೆದ ನೀರಿನಲ್ಲಿ ಹೋಗುತ್ತದೆ, ಸ್ವಲ್ಪ ದಾರಿ ತಪ್ಪಿ ಬೇರೆಯೇ ಏನೋ ಆಗಿಬಿಡುತ್ತದೆ. ಕೈಗೆ ಸಿಕ್ಕ ತೂಕವನ್ನು ಲೆಕ್ಕದ ತೂಕದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇಕಡಾ ಇಳುವರಿ. ನೋಡಿದವರು ಹೇಳುವುದೆಲ್ಲ ಮೇಲಿನ ಅಂಕಿಯ ಬಗ್ಗೆ, ಎಷ್ಟು ಸಿಕ್ಕಿತು ಎಂಬುದರ ಬಗ್ಗೆ. ಕೆಳಗಿನ ಅಂಕಿ, ಎಷ್ಟು ಸಿಗಬೇಕಿತ್ತು ಎಂಬುದು ಸರಿಯೇ ಎಂದು ಯಾರೂ ಕೇಳುವುದಿಲ್ಲ.

ನಮ್ಮ ಲ್ಯಾಬಿನಲ್ಲಿ ಇನ್ನೊಂದು ನಂಬಿಕೆ ಇತ್ತು, ವಿಜ್ಞಾನ ಓದಿದವರು ಹೊರಗೆ ಹೇಳಿಕೊಳ್ಳುವಂಥದ್ದಲ್ಲ. ಕೈಗುಣ. ನಮ್ಮ ಕಡೆ ಮಿಡಿ ಉಪ್ಪಿನಕಾಯಿ ಬೆರೆಸುವ ದಿನ ಕೈಗುಣ ಒಳ್ಳೆಯದಿರುವ ಹೆಂಗಸನ್ನು ನೆರೆಮನೆಯಿಂದ ಕರೆಸುತ್ತಾರೆ, ಕೈ ಸರಿಯಿಲ್ಲದವರು ಮುಟ್ಟಿದರೆ ಬೂಸ್ಟು ಬರುತ್ತದೆಂದು. ಲ್ಯಾಬಿನಲ್ಲಿಯೂ ಹಾಗೆಯೇ. ಯಾರದ್ದಾದರೂ ದ್ರಾವಣದಲ್ಲಿ ಹರಳು ಮೂಡದೆ ಸತಾಯಿಸಿದರೆ ಗಾಜಿನ ಕಡ್ಡಿಯಿಂದ ಫ್ಲಾಸ್ಕಿನ ಒಳಗೋಡೆ ಗೀಚುತ್ತಾರಷ್ಟೆ, ಹಾಗೆ ಗೀಚಲು ನನ್ನನ್ನು ಕರೆಯುತ್ತಿದ್ದರು. ‘ಸುಜಾತಾ, ಒಮ್ಮೆ ಬಂದು ಗೀಚು ಮಾರಾಯ್ತಿ.’ ನಾನು ಗೀಚಿದರೆ ಹರಳು ಬೀಳುತ್ತಿತ್ತು. ಯಾರು ಗೀಚಿದರೂ ಬೀಳುವುದೇ. ಆದರೆ ಹೆಸರು ನನ್ನದು. ಆ ಹೆಸರು ನನಗೆ ಎಷ್ಟು ಇಷ್ಟವಾಗಿತ್ತು ಎಂದರೆ — ಬೇಡ, ಅದು ಮುಂದೆ ತಾನಾಗಿ ತಿಳಿಯುತ್ತದೆ.

ನೀನು ಮೊದಲ ಸಲ ಮಾಡಿದಾಗ ಅರವತ್ತೇಳು ಬಂತು. ಎರಡನೆಯ ಸಲ ಅರವತ್ತಾರು. ಮೂರನೆಯ ಸಲ ಅರವತ್ತೆಂಟು. ಸರ್ ಪ್ರತಿಸಲ ‘ಇನ್ನೊಮ್ಮೆ ಮಾಡು’ ಎಂದರು. ನೀನು ಮಾಡಿದೆ. ಫಿಲ್ಟರ್ ಪೇಪರನ್ನು ಮುಂಚೆ ಒಮ್ಮೆ ತೂಗಿ, ಆಮೇಲೆ ಒಮ್ಮೆ ತೂಗಿ, ಅದರಲ್ಲಿ ಎಷ್ಟು ಅಂಟಿಕೊಂಡಿದೆ ಎಂದು ಬರೆದಿಟ್ಟೆ. ತೊಳೆದ ನೀರನ್ನು ಚೆಲ್ಲದೆ ಬತ್ತಿಸಿ, ತಳದಲ್ಲಿ ಉಳಿದ ಬಿಳಿ ಪುಡಿಯನ್ನೂ ತೂಗಿದೆ. ಕಾಣೆಯಾದ ಹದಿನೇಳು ಪಾಲನ್ನು ನೀನು ಆ ಲ್ಯಾಬಿನ ಮೂಲೆ ಮೂಲೆಯಲ್ಲಿ ಹುಡುಕಿದೆ. ಒಂಬತ್ತು ಸಲ. ಪ್ರತಿಸಲವೂ ಅರವತ್ತಾರರಿಂದ ಅರವತ್ತೆಂಟರ ಒಳಗೆ. ಈಗ ನಾನು ಮಕ್ಕಳಿಗೆ ಹೇಳಿಕೊಡುತ್ತೇನೆ — ಕೈ ಸರಿಯಿಲ್ಲದವರ ಅಂಕಿಗಳು ಒಮ್ಮೆ ಐವತ್ತಕ್ಕೆ, ಒಮ್ಮೆ ಎಪ್ಪತ್ತಕ್ಕೆ ಹಾರಾಡುತ್ತವೆ, ಒಂದೇ ಕಡೆ ನಿಲ್ಲುವ ಅಂಕಿ ಪಳಗಿದ ಕೈಯ ಗುರುತು ಎಂದು. ಆಗಲೂ ನನಗೆ ಅದು ಗೊತ್ತಿತ್ತು. ಗೊತ್ತಿದ್ದದ್ದನ್ನು ಯೋಚಿಸಲಿಲ್ಲ, ಅಷ್ಟೆ. ನನ್ನ ಎಂಬತ್ತೈದು ತಪ್ಪಿರಬಹುದು ಎಂಬ ಮಾತು ನನ್ನ ತಲೆಯ ಹತ್ತಿರವೂ ಸುಳಿಯಲಿಲ್ಲ.

ಕೊನೆಗೆ ಸರ್ ನನ್ನನ್ನು ಕರೆದು, ‘ನೀನೇ ಒಮ್ಮೆ ಅವಳ ಎದುರು ಮಾಡಿ ತೋರಿಸು’ ಎಂದರು. ಮಾಡಿದೆ. ನೀನು ಪಕ್ಕದಲ್ಲಿ ನಿಂತು, ನಾನು ಎಷ್ಟು ನಿಮಿಷ ಕಲಕಿದೆ, ಎಷ್ಟು ಹನಿ ಹಾಕಿದೆ ಎಂದು ಎಲ್ಲವನ್ನೂ ಬರೆದುಕೊಂಡೆ. ಮರುದಿನ ಬೆಳಿಗ್ಗೆ ಹರಳು ಒಣಗಿತ್ತು. ನೀನು ಕೆಳಮಹಡಿಯಿಂದ ಐಸ್ ತರಲು ಹೋಗಿದ್ದೆ. ನಾನು ಒಬ್ಬಳೇ ತೂಕದ ಕೋಣೆಯಲ್ಲಿ ಹರಳನ್ನು ತೂಗಿದೆ. 1.26 ಗ್ರಾಂ. ಮನಸ್ಸಿನಲ್ಲೇ ಭಾಗಿಸಿದೆ — ಎಂಬತ್ತನಾಲ್ಕು. ನೋಡಿದಿರಾ, ಎಂದುಕೊಂಡೆ. ನನಗೆ ಖುಷಿಯಾಯಿತು, ರೇಣುಕಾ. ನಿನ್ನ ಸೋಲು ಖಚಿತವಾದದ್ದಕ್ಕೆ ನನಗೆ ಒಂದು ಗಳಿಗೆ ಖುಷಿಯಾಯಿತು. ಅದನ್ನೂ ಬರೆದಿಡುತ್ತೇನೆ.

ಆಮೇಲೆ ಮೇಜಿನ ಮೇಲೆ ತೆರೆದಿಟ್ಟಿದ್ದ ನಿನ್ನ ನೋಟ್‌ಬುಕ್ಕಿನ ಕಡೆ ಕಣ್ಣು ಹೋಯಿತು. ನಿನ್ನ ಒಂಬತ್ತನೆಯ ಸಲದ ತೂಕ: 1.27 ಗ್ರಾಂ. ಅದರ ಮುಂದೆ: ಶೇಕಡಾ 68.

ನನಗಿಂತ ಒಂದು ಕೂದಲಷ್ಟು ಹೆಚ್ಚೇ ನಿನಗೆ ಸಿಕ್ಕಿತ್ತು. ನನ್ನದು ಎಂಬತ್ತನಾಲ್ಕು, ನಿನ್ನದು ಅರವತ್ತೆಂಟು — ಹೇಗೆ? ನಿನ್ನ ಪುಟದಲ್ಲಿ ಲೆಕ್ಕದ ತೂಕ ಎಂದು 1.865 ಬರೆದಿತ್ತು. ನನ್ನದರಲ್ಲಿ 1.50. ಒಂದು ನಿಮಿಷವೂ ಬೇಕಾಗಲಿಲ್ಲ. ನಮ್ಮ ಆ ಪದಾರ್ಥ ಒಂಟಿಯಾಗಿ ಹರಳಾಗುವುದಿಲ್ಲ; ಹೈಡ್ರೋಕ್ಲೋರಿಕ್ ಆಮ್ಲವನ್ನು ಜೊತೆಗೆ ಕಟ್ಟಿಕೊಂಡೇ ಹರಳಾಗುತ್ತದೆ. ತೂಗುವಾಗ ಆಮ್ಲವೂ ಸೇರಿ ತೂಗುತ್ತದೆ. ಲೆಕ್ಕದ ತೂಕದಲ್ಲಿ ನೀನು ಆಮ್ಲದ ಭಾರವನ್ನು ಸೇರಿಸಿದ್ದೆ. ನಾನು ಸೇರಿಸಿರಲಿಲ್ಲ. ಗೋಣಿ ಸಮೇತ ಅಕ್ಕಿ ತೂಗಿ, ಇಷ್ಟೂ ಅಕ್ಕಿಯೇ ಎಂದು ಹೇಳಿಕೊಂಡು ತಿರುಗಿದವಳು ನಾನು. ವರ್ಷಗಳ ಹಿಂದೆ ಒಂದು ಸಂಜೆ, ಕಾರ್ಕಳದ ಬಸ್ಸು ತಪ್ಪುತ್ತದೆಂಬ ಅವಸರದಲ್ಲಿ ಒಂದು ಚೀಟಿಯ ಮೇಲೆ ಆ 1.50 ಗೀಚಿದ್ದೆ. ಅಲ್ಲಿಂದಾಚೆಗೆ ಪ್ರತಿಸಲ ಹಳೆಯ ಪುಟ ನೋಡಿ ಅದನ್ನೇ ಇಳಿಸಿಕೊಂಡೆ. ಸರ್ ನನ್ನನ್ನು ನಂಬಿ ಲೆಕ್ಕ ನೋಡಲಿಲ್ಲ. ನಿನಗೆ ನಾನು ಕೊಟ್ಟದ್ದು ವಿಧಾನ ಬರೆದ ಒಂದು ಹಾಳೆ, ತುದಿಯಲ್ಲಿ ಎಂಬತ್ತೈದು ಎಂಬ ಅಂಕಿ. ನೋಟ್‌ಬುಕ್ ಕೊಟ್ಟಿರಲಿಲ್ಲ.

ಅಲ್ಲಿಯವರೆಗೆ ಅದು ತಪ್ಪು ಲೆಕ್ಕ. ಯಾರಿಗೂ ಆಗಬಹುದಾದದ್ದು. ಅಲ್ಲಿಂದ ಮುಂದೆ ಆದದ್ದು —

ಮೂರು ವಾರದಲ್ಲಿ ನನ್ನ ಥೀಸಿಸ್ ಒಪ್ಪಿಸಬೇಕಿತ್ತು. ಅದರಲ್ಲಿ ಆ ಎಂಬತ್ತೈದು ಎಷ್ಟು ಕಡೆ ಇತ್ತೋ. ಆದರೆ ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ಥೀಸಿಸ್ ನೆನಪಾಗಲಿಲ್ಲ. ಎಲ್ಲರೂ ನನ್ನನ್ನು ಗೀಚಲು ಕರೆಯುವುದು ನೆನಪಾಯಿತು. ನಾಳೆಯಿಂದ ಕರೆಯುವುದಿಲ್ಲ ಎಂದು ಅನಿಸಿತು. ಇಷ್ಟು ಸಣ್ಣದಕ್ಕೆ.

ನಿನ್ನ ಲೆಕ್ಕದಲ್ಲಿ ಎಂಬತ್ತೈದು ಬರಬೇಕಾದರೆ ತೂಕ 1.58 ತೋರಿಸಬೇಕು. ಕಪಾಟಿನ ಮೇಲೆ ನಿನ್ನ ಬಾಟಲಿ ಇತ್ತು, ಒಂಬತ್ತು ಸಲದ ಹರಳನ್ನೂ ಒಟ್ಟಿಗೆ ಕೂಡಿಟ್ಟದ್ದು, ನಿನ್ನ ದುಂಡಗಿನ ಅಕ್ಷರದ ಚೀಟಿ ಅಂಟಿಸಿದ್ದು. ಮುಚ್ಚಳ ತೆಗೆದೆ. ಚಮಚದ ತುದಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ತೆಗೆದು ನನ್ನ ಹರಳಿನ ಮೇಲೆ ಉದುರಿಸಿದೆ. 1.40. 1.51. 1.58. ಮುಚ್ಚಳ ಹಾಕಿದೆ. ರೇಣುಕಾ, ಒಂದು ಹರಳೂ ಆಚೀಚೆ ಬೀಳಲಿಲ್ಲ.

ನೀನು ಐಸಿನ ಬಕೆಟ್ಟು ಹಿಡಿದು ಬಂದೆ.

‘ಅಕ್ಕಾ, ಎಷ್ಟು ಬಂತು?’

‘ನೀನೇ ನೋಡು,’ ಎಂದೆ. ಇದೇ ನಾನು ಆಡಿದ ಸುಳ್ಳು. ಬೇರೆ ಸುಳ್ಳು ಬೇಕಾಗಲಿಲ್ಲ.

ನೀನು ನೋಡಿದೆ. ನಿಂತಲ್ಲೇ ಅಂಗೈ ಮೇಲೆ ಪೆನ್ನಿನಲ್ಲಿ ಭಾಗಿಸಿದೆ. ಆಮೇಲೆ ನನ್ನ ಎರಡೂ ಕೈ ಹಿಡಿದು ನಿನ್ನ ಕಣ್ಣಿಗೆ ಒತ್ತಿಕೊಂಡೆ. ‘ನಿಮ್ಮ ಕೈಯಾಗ ಬರತೈತಿ ಅಕ್ಕಾ,’ ಎಂದೆ. ‘ನನ್ನ ಕೈಯಾಗ ಬರವಲ್ದು.’

ನಿನ್ನ ಕಣ್ಣು ಒದ್ದೆಯಾಗಿತ್ತು. ನನ್ನ ಬೆರಳಿಗೆ ಅದು ತಾಗಿತು. ಆಗಲಾದರೂ ಹೇಳಬಹುದಿತ್ತು. ನಾನು ನಿನ್ನ ತಲೆ ಸವರಿದೆ. ಸಮಾಧಾನ ಹೇಳಿದೆ, ಅಭ್ಯಾಸದಿಂದ ಬರುತ್ತದೆ, ಬೇಸರ ಮಾಡಬೇಡ ಎಂದು. ಆ ಸಮಾಧಾನ ನೆನಪಾದರೆ ಈಗಲೂ ನನಗೆ ನಾಚಿಕೆಯಾಗುತ್ತದೆ. ಹರಳು ಕದ್ದದ್ದಕ್ಕಿಂತ ಹೆಚ್ಚು.

ನೀನು ಇನ್ನೂ ಎರಡು ಸಲ ಮಾಡಿದೆ. ಆಮೇಲೆ ಸರ್ ನಿನ್ನನ್ನು ಕೂರಿಸಿಕೊಂಡು, ಕೆಲವರ ಕೈಗೆ ಇದು ಒಗ್ಗುವುದಿಲ್ಲ, ಅದರಲ್ಲಿ ತಪ್ಪೇನಿಲ್ಲ ಎಂದರು. ಕೆಟ್ಟ ಮನುಷ್ಯರಲ್ಲ ಅವರು, ಮೆಲ್ಲಗೆಯೇ ಹೇಳಿದರು. ನೀನು ಬಿಟ್ಟು ಹೋದೆ. ನನ್ನ ವೈವಾ ದಿನ ಎಲ್ಲರಿಗಿಂತ ಮೊದಲು ಬಂದವಳು ನೀನು, ಪೇಡೆಯ ಪೊಟ್ಟಣ ಹಿಡಿದು. ನಿನ್ನ ಅಪ್ಪ ನೆರೆಮನೆಯವರಿಗೆ ಆಮೇಲೆ ಏನು ಹೇಳಿದರು ಎಂದು ನಾನು ಕೇಳಲಿಲ್ಲ.

ನೀನು ಹೋದ ಮೇಲೆ ನಿನ್ನ ನೋಟ್‌ಬುಕ್ ಲ್ಯಾಬಿನ ಕಪಾಟಿಗೆ ಬಂತು. ಒಂದು ದಿನ ತೆರೆದೆ. ಕೊನೆಯ ಪುಟದಲ್ಲಿ ಬಾಟಲಿಯ ಒಟ್ಟು ತೂಕ ಹಾಕಿದ್ದೆ. ಇರಬೇಕಾದದ್ದು ಇಷ್ಟು, ಇರುವುದು ಇಷ್ಟು. ಅದರ ಕೆಳಗೆ ಕನ್ನಡದಲ್ಲಿ: ‘0.32 ಗ್ರಾಂ ಕಡಿಮೆ. ಎಲ್ಲೋ ಚೆಲ್ಲಿರಬೇಕು. ನನ್ನದೇ ಅಜಾಗ್ರತೆ.’ ನಾನು ಕದ್ದದ್ದನ್ನೂ ನೀನು ನಿನ್ನ ತಪ್ಪಿನ ಪಟ್ಟಿಗೇ ಸೇರಿಸಿಕೊಂಡಿದ್ದೆ. ನಾನು ನೋಟ್‌ಬುಕ್ ಮುಚ್ಚಿ ಒಳಗಿಟ್ಟೆ. ಆವತ್ತು ಮಧ್ಯಾಹ್ನ ಊಟ ಸೇರಲಿಲ್ಲ. ಮರುದಿನ ಸೇರಿತು. ಮನುಷ್ಯರು ಹಾಗೆಯೇ ಇರುತ್ತಾರೆ, ಕನಿಷ್ಠ ನಾನು ಹಾಗೆಯೇ ಇದ್ದೆ.

ಇದನ್ನು ಬರೆಯದೆಯೇ ನನ್ನ ಜೀವನ ಕಳೆಯುತ್ತಿತ್ತೋ ಏನೋ. ಕಳೆದ ತಿಂಗಳು ನಾನು ಈಗ ಪಾಠ ಮಾಡುವ ಕಾಲೇಜಿನ ಮಕ್ಕಳನ್ನು ಗೇರುಬೀಜದ ಕಾರ್ಖಾನೆ ತೋರಿಸಲು ಬೆಳ್ಮಣ್ ಕಡೆಗೆ ಕರೆದುಕೊಂಡು ಬಂದೆ. ಒಳಗೆ ಕಾಲಿಟ್ಟರೆ ನೀಲಿ ಏಪ್ರನ್ ಹಾಕಿಕೊಂಡು ರಿಜಿಸ್ಟರ್ ಹಿಡಿದು ನೀನು. ‘ಅಕ್ಕಾ’ ಎಂದು ಓಡಿ ಬಂದೆ. ತಲೆಯಲ್ಲಿ ನಾಲ್ಕು ಬಿಳಿ ಕೂದಲು ಬಿಟ್ಟರೆ ನೀನು ಸ್ವಲ್ಪವೂ ಬದಲಾಗಿರಲಿಲ್ಲ.

ಒಂದು ಗೋಣಿ ಬೀಜದಿಂದ ಎಷ್ಟು ತಿರುಳು ಬರಬೇಕು, ಎಷ್ಟು ಬಂತು ಎಂದು ನೋಡುವುದು ಅಲ್ಲಿ ನಿನ್ನ ಕೆಲಸ. ನಾವು ನಿಂತಿದ್ದಾಗಲೇ ಒಂದು ಗಲಾಟೆ ಆಯಿತು. ಗುಲಾಬಿ ಎಂಬ ಹೆಂಗಸಿನ ಪಾಲಿನ ತಿರುಳು ಕಡಿಮೆ ಬಂದಿತ್ತು. ಅವಳ ಕೈ ಭಾರ, ಎಲ್ಲವನ್ನೂ ಪುಡಿ ಮಾಡುತ್ತಾಳೆ ಎಂದು ಮೇಸ್ತ್ರಿ ಜೋರು ಮಾಡುತ್ತಿದ್ದ. ನೀನು ನಡುವೆ ಹೋಗಿ ನಿಂತೆ. ‘ಅವರ ಕೈಗೆ ಯಾಕೆ ಹೇಳ್ತೀರಿ? ಮೊದಲು ಆ ಗೋಣಿಯ ಹತ್ತು ಬೀಜ ಒಡೆದು ನೋಡುವ. ಒಳಗೆ ತಿರುಳೇ ಸಣ್ಣದಿದ್ದರೆ ಅವರು ಎಲ್ಲಿಂದ ತರುವುದು?’ ಒಡೆದು ನೋಡಿದರು. ತಿರುಳು ಸಣ್ಣದೇ ಇತ್ತು. ಮೇಸ್ತ್ರಿ ಅಲ್ಲಿಂದ ಸರಿದುಹೋದ. ಗುಲಾಬಿ ಸೆರಗಿನಿಂದ ಮುಖ ಒರೆಸಿಕೊಂಡು ಕೆಲಸಕ್ಕೆ ಕೂತಳು.

ಎಷ್ಟು ಸಿಗಬೇಕಿತ್ತು ಎಂಬ ಅಂಕಿಯನ್ನು ಮೊದಲು ನೋಡಬೇಕೆಂದು ನೀನು ಎಲ್ಲರಿಗಾಗಿ ಕಲಿತಿದ್ದೆ. ನಿನಗಾಗಿ ಮಾತ್ರ ಎಂದೂ ಕೇಳಿಕೊಂಡಿರಲಿಲ್ಲ, ಏಕೆಂದರೆ ಆ ಅಂಕಿ ಅಕ್ಕ ಕೊಟ್ಟದ್ದು.

ಆಮೇಲೆ ನೀನು ನನ್ನ ಮಕ್ಕಳ ಕಡೆ ತಿರುಗಿದೆ. ‘ನಿಮ್ಮ ಮಿಸ್ ಇದ್ದಾರಲ್ಲ, ಇವರ ಕೈಗುಣ ನೀವು ನೋಡಬೇಕಿತ್ತು. ಇವರಿಗೆ ಎಂಬತ್ತೈದು ಬರ್ತಿತ್ತು. ನನಗೆ ಅರವತ್ತೆಂಟು ದಾಟಲೇ ಇಲ್ಲ, ಅಲ್ವಾ ಅಕ್ಕಾ?’ ಮಕ್ಕಳು ನನ್ನನ್ನು ಹೆಮ್ಮೆಯಿಂದ ನೋಡಿದರು. ನಾನು ನಕ್ಕೆ. ನೀನೂ ನಗುತ್ತಾ ಮುಂದುವರಿಸಿದೆ, ‘ನಾನು ಇವತ್ತಿಗೂ ಮನೆಯಲ್ಲಿ ಉಪ್ಪಿನಕಾಯಿಗೆ ಕೈ ಹಾಕುವುದಿಲ್ಲ. ಪಕ್ಕದ ಮನೆಯವರನ್ನು ಕರೆಯುವುದು.’

ಆ ನಗು ನನ್ನ ಎರಡನೆಯ ಕಳ್ಳತನ. ಮೊದಲನೆಯದಕ್ಕಾದರೆ ವಯಸ್ಸು ಎನ್ನಬಹುದು, ಥೀಸಿಸ್ ಎನ್ನಬಹುದು. ಇದಕ್ಕೆ ಏನು ಹೇಳಲಿ? ನಲವತ್ತು ದಾಟಿದವಳು, ಇಪ್ಪತ್ತೆರಡು ಮಕ್ಕಳ ಎದುರು, ನಿನ್ನ ಅಂಕಿಯನ್ನು ಇನ್ನೊಮ್ಮೆ ಇಳಿಸಿ ನನ್ನದನ್ನು ಏರಿಸಿಕೊಂಡು ನಿಂತೆ. ನಿನ್ನ ಪಿಎಚ್.ಡಿ.ಯನ್ನು ನಾನು ಕಸಿದೆ ಎಂದಷ್ಟೇ ಇಷ್ಟು ವರ್ಷ ತಿಳಿದಿದ್ದೆ. ನಿನ್ನ ಅಡುಗೆಮನೆಯ ಭರಣಿಯವರೆಗೂ ಅದು ಹೋಗಿದೆ ಎಂದು ಗೊತ್ತಿರಲಿಲ್ಲ.

ಆ ವಾರವೇ ಹಳೆಯ ಲ್ಯಾಬಿನ ಕಪಾಟಿನಿಂದ ನಮ್ಮಿಬ್ಬರ ನೋಟ್‌ಬುಕ್ ತೆಗೆಸಿಕೊಂಡು ಪೆರ್ಡೂರಿಗೆ ಹೋದೆ. ಸರ್ ನಿವೃತ್ತರಾಗಿ ಅಲ್ಲಿದ್ದಾರೆ. ನನ್ನ ಹಳೆಯ ಪುಟ, ನಿನ್ನ ಪುಟ, ಎರಡನ್ನೂ ಅವರ ಮುಂದಿಟ್ಟು ಎಲ್ಲವನ್ನೂ ಹೇಳಿದೆ, ಬಾಟಲಿಯ ವಿಷಯವನ್ನೂ ಬಿಡದೆ. ಅವರು ಎರಡೂ ಪುಟಗಳ ಅಂಕಿಗಳನ್ನು ಬೆರಳಿಟ್ಟು ನೋಡಿದರು. ‘ನಾನೂ ಒಮ್ಮೆ ಗುಣಿಸಿ ನೋಡಬೇಕಿತ್ತು,’ ಎಂದರು. ನನಗೆ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅದಕ್ಕೇ ಬೈಯಲಿಲ್ಲವೋ ಏನೋ. ಎಂಬತ್ತೈದನ್ನು ಅರವತ್ತೆಂಟು ಎಂದು ತಿದ್ದಬೇಕೆಂದು, ಆ ಅಂಕಿಯನ್ನು ಮೊದಲು ಸರಿಯಾಗಿ ಕಂಡವಳು ನೀನೆಂದು ಪತ್ರಿಕೆಗೆ ಇಬ್ಬರೂ ಸಹಿ ಹಾಕಿ ಬರೆದಿದ್ದೇವೆ. ಪತ್ರಿಕೆಯವರು ಏನು ಮಾಡುತ್ತಾರೋ ಗೊತ್ತಿಲ್ಲ. ನನ್ನ ಡಿಗ್ರಿಯ ಬಗ್ಗೆ ಯಾರಾದರೂ ಕೇಳಿದರೆ ಉತ್ತರ ಕೊಡುತ್ತೇನೆ.

ಮೊನ್ನೆ ತರಗತಿಯಲ್ಲಿ ಶೇಕಡಾ ಇಳುವರಿಯ ಪಾಠ ಬಂತು. ಬೋರ್ಡಿನ ಮೇಲೆ ಎರಡು ಲೆಕ್ಕ ಬರೆದೆ. ಒಂದರ ಮೇಲೆ ನನ್ನ ಹೆಸರು, ಒಂದರ ಮೇಲೆ ನಿನ್ನದು. ಆಮ್ಲದ ಭಾರ ಎಲ್ಲಿ ಬಿಟ್ಟುಹೋಯಿತು ಎಂದು ತೋರಿಸಿದೆ. ಆಮೇಲೆ ಚಮಚದ ವಿಷಯ ಹೇಳಿದೆ. ಕಾರ್ಖಾನೆಗೆ ಬಂದಿದ್ದ ಅದೇ ಮಕ್ಕಳು. ಕೊನೆಗೆ ಮುಂದಿನ ಸಾಲಿನ ಒಬ್ಬಳು ಎದ್ದು ನಿಂತಳು.

‘ಮಿಸ್, ಅವರಿಗೆ ಗೊತ್ತುಂಟಾ?’

‘ಇಲ್ಲ,’ ಎಂದೆ.

ಅವಳು ಕೂರಲಿಲ್ಲ. ನನ್ನನ್ನೇ ನೋಡುತ್ತಾ ನಿಂತಿದ್ದಳು. ಮೊದಲು ಹೇಳಬೇಕಾದದ್ದು ಯಾರಿಗೆ ಎಂದು ಆ ಮಗುವಿಗೆ ಗೊತ್ತಿತ್ತು. ನಾನು ಸರ್‌ಗೆ ಹೇಳಿದ್ದೆ, ಪತ್ರಿಕೆಗೆ ಹೇಳಿದ್ದೆ, ಇಪ್ಪತ್ತೆರಡು ಮಕ್ಕಳಿಗೆ ಹೇಳಿದ್ದೆ. ನಿನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ. ಅಲ್ಲಿಯೂ ಸುಲಭದ ದಾರಿಯನ್ನೇ ಹಿಡಿದಿದ್ದೆ.

ಇದನ್ನು ಅಂಚೆಗೆ ಹಾಕುವುದಿಲ್ಲ ರೇಣುಕಾ. ಅಂಚೆಯಲ್ಲಿ ಬಂದರೆ ನಿನ್ನ ಮುಖ ನಾನು ನೋಡಬೇಕಾಗಿಲ್ಲ. ಶನಿವಾರ ಮಧ್ಯಾಹ್ನ, ನೀವು ಊಟಕ್ಕೆ ಬಿಡುವ ಹೊತ್ತಿಗೆ, ಕಾರ್ಖಾನೆಯ ಗೇಟಿನ ಹೊರಗೆ ನಿಂತಿರುತ್ತೇನೆ. ನಿನ್ನ ಕೈಗೆ ಕೊಡುತ್ತೇನೆ. ನೀನು ಕೊನೆಯ ಸಾಲಿನವರೆಗೆ ಓದುವ ತನಕ ಎದುರಿಗೆ ನಿಂತಿರುತ್ತೇನೆ, ಬೇರೆ ಕಡೆ ನೋಡುವುದಿಲ್ಲ. ಓದಿ ನೀನು ಬೈದರೆ ಕೇಳುತ್ತೇನೆ. ಏನೂ ಹೇಳದೆ, ಮಡಚಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡು ನೀನು ಒಳಗೆ ಹೋದರೆ, ನಾನು ಕರೆಯುವುದಿಲ್ಲ. ಅಕ್ಕಾ ಎಂದು ಇನ್ನು ಕರೆಯಬೇಕೋ ಬೇಡವೋ ಎನ್ನುವುದು ನಿನಗೇ ಬಿಟ್ಟದ್ದು.